ಕರಟದಲ್ಲಿ ಕಲಸಿದ ಮಸಿ

ಶಿಷ್ಯ ಮಡಿವಾಳಯ್ಯ ತನ್ನ ಗುರುಗಳನ್ನು ಕೇಳಿದ: "ಹಿರಿಯರೊಬ್ಬರು ತಪ್ಪುತ್ತಿದ್ದಾರೆ. ಅದು ಅವರಿಗೂ ತಿಳಿಯದ ಹಾಗೆ, ಊರಿಗೂ ತಿಳಿಯದ ಹಾಗೆ ಒಬ್ಬ ಮುಚ್ಚಿಡುತ್ತಿದ್ದಾನೆ. ಅವನು ಮಾಡುತ್ತಿರುವುದು ಪ್ರೀತಿಯೋ, ಮೋಸವೋ?"

"ಯಾರು ಆ ಹಿರಿಯರು?"

"ನಮ್ಮೂರ ಕಡೆಯವರು. ನಿಮಗೆ ಪರಿಚಯವಿಲ್ಲ."

ಗುರುಗಳು ಅವನನ್ನು ಒಮ್ಮೆ ನೋಡಿ, ಬಟುವೆಯಿಂದ ಜ್ಯೇಷ್ಠಮಧುವಿನ ಚೂರೊಂದನ್ನು ತೆಗೆದು ಕೊಟ್ಟರು. ಎರಡು ತಿಂಗಳಿಂದ ಅವನಿಗೆ ಕೆಮ್ಮು. ಸಂಜೆ ಗುರುಗಳು ಪುರಾಣ ಹೇಳುವಾಗ, ಅವರ ಪಕ್ಕದಲ್ಲಿ ಕೂತಾಗ ಮಾತ್ರ ಬರುವ ಕೆಮ್ಮು. ಅವನು ಚೂರನ್ನು ಬಾಯಿಗೆ ಹಾಕಿಕೊಂಡ. ಗುರುಗಳು ಕತೆ ಶುರುಮಾಡಿದರು.

ಒಬ್ಬ ಚಿತ್ರಗಾರನಿದ್ದ. ಅಂಗೈಯಗಲದ ಹಾಳೆಯ ಮೇಲೆ ಮುಖ ಬರೆಯುವವನು. ಅವನಿಗೆ ಬಣ್ಣ ಕಲಸಿಕೊಡುವವಳು ಹೆಂಡತಿ. ದೀಪದ ಮಸಿಯನ್ನು ಜಾಲಿ ಅಂಟಿನಲ್ಲಿ ಅರೆದು, ನೀರು ಬೆರೆಸಿ, ಬಿಳಿ ಚಿಪ್ಪಿನಲ್ಲಿಟ್ಟು ಕೊಡುತ್ತಿದ್ದಳು. ಮುಖದ ನೆರಳಿಗೆ ಬೇಕಾದದ್ದು ಆ ತೆಳು ಮಸಿಯೇ. ಒಂದು ಸಲ ಬಳಿದರೆ ಕಂಡೂ ಕಾಣದು. ಒಣಗಿಸಿ ಮತ್ತೆ ಬಳಿಯಬೇಕು, ಹತ್ತು ಸಲ, ಹನ್ನೆರಡು ಸಲ. ಪ್ರತಿ ಸಲವೂ ಅವನು ಕುಂಚವನ್ನು ತುಟಿಗಿಟ್ಟು ಮೊನೆ ಮಾಡಿಕೊಳ್ಳುತ್ತಿದ್ದ. ಮೂವತ್ತು ವರ್ಷ ಹೀಗೆ ನಡೆಯಿತು. ಜಗಳವೂ ನಡೆಯಿತು. ಕಲಸಿದ್ದು ಹೆಚ್ಚಾಯಿತೆಂದು ಅವನು, ಬಳಿದದ್ದು ಹೆಚ್ಚಾಯಿತೆಂದು ಅವಳು.

ಒಂದು ದಿನ ಅವನು, "ಇದೇನು, ಬರೀ ನೀರು. ಇನ್ನಷ್ಟು ಮಸಿ ಹಾಕು" ಎಂದ. ಅವಳು ನೋಡಿದಳು. ಎಂದಿನ ಮಸಿ, ಎಂದಿನ ನೀರು. ಆದರೂ ಹಾಕಿಕೊಟ್ಟಳು. ಒಣಗಿದ ಮೇಲೆ ಚಿತ್ರದ ಹುಡುಗಿಯ ಕೆನ್ನೆ ಒಲೆ ಊದಿ ಬಂದವಳ ಕೆನ್ನೆಯ ಹಾಗಿತ್ತು. ಗಂಡನ ಕಣ್ಣು ಹೋಗುತ್ತಿದೆ ಎಂದು ಅವಳಿಗೆ ಆಗ ತಿಳಿಯಿತು. ಹಾಳೆಯನ್ನು ಹರಿದು ಒಲೆಗೆ ಹಾಕಿದಳು. "ಪಕ್ಕದ ಮನೆಯ ಬೆಕ್ಕು ತುಳಿದುಹಾಕಿತು" ಎಂದಳು.

ಅದೇ ವಾರ ಒಬ್ಬ ವ್ಯಾಪಾರಿ ಬಂದ. ಅವನ ತಾಯಿ ತೀರಿಕೊಂಡಿದ್ದಳು. ಆಕೆ ಇದ್ದಾಗ ಚಿತ್ರಗಾರ ಎದುರಿಗೆ ಕೂರಿಸಿಕೊಂಡು ಗೆರೆಯಲ್ಲಿ ಮುಖ ಬರೆದಿಟ್ಟಿದ್ದ. ನೆರಳು ತುಂಬುವುದು ಬಾಕಿಯಿತ್ತು. "ಅವಳ ಮುಖ ಅಂತ ಉಳಿದಿರುವುದು ಅದೊಂದೇ" ಎಂದು ಹೇಳಿ ವ್ಯಾಪಾರಿ ಹೋದ.

ಹೆಂಡತಿ ಯೋಚನೆಗೆ ಬಿದ್ದಳು. ಗಂಡ ಕೇಳಿದಂತೆ ಕಲಸಿದರೆ ಆ ಮುಖ ಹಾಳಾಗುತ್ತದೆ. ಒರೆಸಲು ಹೋದರೆ ಹಾಳೆಯೇ ಕಿತ್ತು ಬರುತ್ತದೆ. ಕೇಳಿದಂತೆ ಕೊಡದಿದ್ದರೆ ಕಾರಣ ಹೇಳಬೇಕು. ಹೇಳಿದರೆ ಅವನು ಕುಂಚ ಕೆಳಗಿಡುತ್ತಾನೆ, ಮತ್ತೆ ಎತ್ತುವುದಿಲ್ಲ. ಅವನ ಜಂಬ ಅವಳಿಗೆ ಗೊತ್ತಿಲ್ಲದ್ದೇ?

ಬಿಳಿ ಚಿಪ್ಪನ್ನು ಒಳಗಿಟ್ಟಳು. ಹಳೆಯ ಕರಟವೊಂದನ್ನು ನುಣ್ಣಗೆ ಉಜ್ಜಿ ಅದರಲ್ಲಿ ಕಲಸಿಕೊಟ್ಟಳು. ಅದೇ ತೆಳು ಮಸಿ ಕರಟದ ಕಪ್ಪಿನಲ್ಲಿ ಗಟ್ಟಿಯಾಗಿ ಕಂಡಿತು. ಗಂಡ ಕುಂಚ ಅದ್ದಿದ, ತುಟಿಗಿಟ್ಟ, "ಇವತ್ತು ಚೆನ್ನಾಗಿ ಕಲಸಿದ್ದೀಯ" ಎಂದ. ಮೂವತ್ತು ವರ್ಷದಲ್ಲಿ ಹೊಗಳಿದ್ದು ಅದೇ ಮೊದಲು. ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಎಂಟು ದಿನ ಕೆಲಸ ನಡೆಯಿತು. ಹಣೆ, ಕೆನ್ನೆ, ಗದ್ದ ತುಂಬಿದವು. ಒಂಬತ್ತನೆಯ ದಿನ ಕಣ್ಣ ಕೆಳಗಿನ ನೆರಳಿಗೆ ಬಂದಾಗ ಅವನು ಕುಂಚವನ್ನು ತುಟಿಗಿಟ್ಟು ಹಾಗೇ ಕೂತ.

"ಕರಟ ತೆಗೆದುಬಿಡೇ. ಚಿಪ್ಪು ತಾ."

"ಯಾಕೆ, ತೆಳುವಾಯಿತೇ?"

"ಮೊದಲ ದಿನದಿಂದಲೂ ತೆಳುವೇ. ನನ್ನ ಕಣ್ಣು ಹೋಗಿರಬಹುದು, ನಾಲಿಗೆ ಹೋಗಿಲ್ಲ. ನೀನು ಎಷ್ಟು ಅಂಟಿಗೆ ಎಷ್ಟು ನೀರು ಹಾಕುತ್ತೀ ಅಂತ ಮೂವತ್ತು ವರ್ಷ ನೆಕ್ಕಿ ನೋಡಿದ್ದೇನೆ. ಆ ಬೆಕ್ಕನ್ನೂ ಇನ್ನು ಬಿಟ್ಟುಬಿಡು. ಪಕ್ಕದ ಮನೆಯವರು ಊರು ಬಿಟ್ಟು ಎರಡು ವರ್ಷವಾಯಿತು."

ಅವಳಿಗೆ ಸಿಟ್ಟು ಬಂತು. "ಗೊತ್ತಿದ್ದೂ ಸುಮ್ಮನೆ ಕೂತಿದ್ದೆಯಾ?"

"ನೀನು ಕರಟವನ್ನು ಅಷ್ಟು ನುಣ್ಣಗೆ ಉಜ್ಜಿದ್ದೆ. ಹೇಳಲು ಮನಸ್ಸಾಗಲಿಲ್ಲ. ಹಣೆಗೆ, ಕೆನ್ನೆಗೆ ಎಷ್ಟು ಸಲ ಬಳಿಯಬೇಕೆಂದು ಕೈಗೇ ಗೊತ್ತು, ನಡೆದುಹೋಯಿತು. ಕಣ್ಣ ಕೆಳಗೆ ಹಾಗಲ್ಲ. ಒಂದು ಸಲ ಹೆಚ್ಚಾದರೂ ಆ ತಾಯಿ ರೋಗಿಯಾಗಿಬಿಡುತ್ತಾಳೆ. ಎಲ್ಲಿ ನಿಲ್ಲಿಸಬೇಕೆಂದು ಪಕ್ಕದಲ್ಲಿದ್ದು ನೀನೇ ಹೇಳಬೇಕು. ನನ್ನಿಂದ ಮುಚ್ಚಿಟ್ಟುಕೊಂಡು ಕೂತರೆ ಹೇಗೆ ಹೇಳುತ್ತೀ?"

ಅವಳು ಒಳಗೆ ಹೋಗಿ ಚಿಪ್ಪು ತಂದಳು. ಅವನ ಭುಜದ ಬಳಿ ಕೂತಳು. ಅವನು ಬಳಿದ, ಒಣಗಿಸಿದ, ಮತ್ತೆ ಬಳಿದ. ಏಳನೆಯ ಸಲ ಒಣಗಿದಾಗ ಅವಳು "ಸಾಕು" ಎಂದಳು. ಅವನು ವಾದ ಮಾಡದೆ ಕುಂಚ ಕೆಳಗಿಟ್ಟ.

ವ್ಯಾಪಾರಿ ಬಂದ. ಬಾಗಿಲಲ್ಲೇ ನಿಂತು ಚಿತ್ರ ನೋಡಿದ. ಹಿಂದೆ ಸರಿದು, ಚಪ್ಪಲಿ ಬಿಟ್ಟು ಬಂದು, ಮತ್ತೆ ನೋಡಿದ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ "ಹಾಗಾದರೆ ಅವಳು ಮಾಡಿದ್ದು ಪ್ರೀತಿಯೋ, ಮೋಸವೋ? ನೀವು ಹೇಳಲೇ ಇಲ್ಲ" ಎಂದ.

ಗುರುಗಳು ಜ್ಯೇಷ್ಠಮಧುವಿನ ಬಟುವೆಯ ಬಾಯಿ ಕಟ್ಟಿ ಪಕ್ಕಕ್ಕಿಟ್ಟರು.

"ನಾಳೆ ನಾನು ಸಾಲು ಮರೆತಾಗ ಕೆಮ್ಮಬೇಡ ಮಗೂ, ಮರೆತ ಸಾಲನ್ನೇ ಹೇಳಿಕೊಡು."