ಪಟ್ಟಮಹಿಷಿ ಯಾರು?

ಕಾಡಿನ ರಾಜನಾಗಿದ್ದ ಮುದಿಸಿಂಹ ಸತ್ತು, ಅವನ ಮಗನಿಗೆ ಪಟ್ಟವಾಯಿತು. ಪಟ್ಟದ ದಿನ ಹೊತ್ತು ಮುಳುಗುವವರೆಗೆ ಹುಲ್ಲು ಮೇಯುವವರಿಗೆಲ್ಲ ಅಭಯವಿತ್ತು. ಹಾಗಾಗಿ ಎಮ್ಮೆಯೂ ಸಭೆಗೆ ಬಂದು ಕೂತಿತ್ತು.

ಮಂತ್ರಿಯಾದ ನರಿ ವಿಧವೆ ಸಿಂಹಿಣಿಗೆ ತಲೆಬಾಗಿ, "ಅಮ್ಮಾವ್ರೇ, ಇಂದಿನಿಂದ ಪಟ್ಟಮಹಿಷಿ ತಮ್ಮ ಸೊಸೆ. ತಾವು ರಾಜಮಾತೆ" ಎಂದಿತು.

"ಏನು ವ್ಯತ್ಯಾಸ?"

"ಬಿರುದು ದೊಡ್ಡದು, ಬೇಟೆಯಲ್ಲಿ ಪಾಲು ಚಿಕ್ಕದು."

"ಹಾಗಾದರೆ ಪಟ್ಟಮಹಿಷಿ ನಾನೇ!" ಎಂದು ಅತ್ತೆ ಗುಡುಗಿದಳು.

"ಮಾವ ಹೋದಮೇಲೆ ಅದು ನನ್ನದು, ಅತ್ತೆ" ಎಂದು ಸೊಸೆ ಗುರುಗುಟ್ಟಿದಳು.

ಎಮ್ಮೆ ಎದ್ದು ನಿಂತಿತು. "ಯಾಕೆ ಜಗಳ? ಮಹಿಷಿ ಅಂದರೆ ಎಮ್ಮೆ. ಆ ಬಿರುದು ನನ್ನದು. ನಿಮಗಾದರೆ ಅದು ಗಂಡ ಇದ್ದರೆ ಉಂಟು, ಹೋದರೆ ಇಲ್ಲ. ನನ್ನ ಕೋಣ ಸತ್ತು ಯಾವ ಕಾಲವಾಯಿತೋ, ನಾನಿನ್ನೂ ಮಹಿಷಿಯೇ!"

ಮುದಿ ಸಿಂಹಿಣಿ ನಿಧಾನವಾಗಿ ತಲೆದೂಗಿದಳು.

"ಮಾತು ಸರಿಯಾಗಿದೆ. ಮಂತ್ರಿ, ಮದುವೆಗೆ ಮುಂಚೆ ನನ್ನನ್ನು ಏನೆಂದು ಕರೆಯುತ್ತಿದ್ದರು?"

"ಬರೀ ಸಿಂಹಿಣಿ ಎಂದು, ಅಮ್ಮಾವ್ರೇ."

"ಆಗ ನನಗೆ ಪಾಲು ಯಾರು ಕೊಡುತ್ತಿದ್ದರು?"

"ಯಾರೂ ಇಲ್ಲ. ತಾವೇ ಹಿಡಿದು ತಿನ್ನುತ್ತಿದ್ದಿರಿ."

"ಹಾಗಾದರೆ ಇನ್ನು ಅದೇ ಹೆಸರಿರಲಿ" ಎಂದು ಅವಳು ಮೊದಲು ಪಡುವಣದ ಕಡೆ ನೋಡಿದಳು, ಆಮೇಲೆ ಎಮ್ಮೆಯ ಕಡೆ. ಹೊತ್ತು ಮುಳುಗುತ್ತಿತ್ತು.

"ಬಿರುದು ನಿಮ್ಮ ಸೊಸೆಗೇ ಇರಲಿ, ತಾಯಿ!" ಎನ್ನುತ್ತ ಎಮ್ಮೆ ಬಾಲವೆತ್ತಿ ಓಡಿತು.