ರೊಟ್ಟಿ ಕಪಾಟಿನ ಬೀಗ

ಚನ್ನವೀರ ಹೊಳೆದಂಡೆಯ ಮಠಕ್ಕೆ ಬಂದಾಗ ಕೈಯಲ್ಲಿ ಒಂದು ಗಂಟಿತ್ತು, ಮುಖದಲ್ಲಿ ಸಿಟ್ಟಿತ್ತು.

ಗುರುಗಳು ಕಟ್ಟೆಯ ಮೇಲೆ ಕುಳಿತಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಚನ್ನವೀರ ಹದಿನೈದು ವರ್ಷಗಳಿಂದ ಅವರ ಶಿಷ್ಯ. ಏನೇ ಮಾಡುವುದಿದ್ದರೂ ಅವರನ್ನು ಕೇಳಿಯೇ ಮಾಡುವವನು.

ಅವನು ಗಂಟು ಬಿಚ್ಚಿ ಅವರ ಮುಂದೆ ಸುರಿದ. ಒಣಗಿದ ಜೋಳದ ರೊಟ್ಟಿಗಳು. ಒಂದೆರಡಲ್ಲ, ಇಪ್ಪತ್ತರ ಮೇಲೆ.

"ಇವು ಅಕಿ ಬಟ್ಟಿ ಪೆಟ್ಟಿಗ್ಯಾಗ ಸಿಕ್ಕಾವ್ರಿ ಅಜ್ಜಾರ" ಎಂದ.

ಅಕಿ ಎಂದರೆ ಎಂಟು ವರ್ಷದ ಹುಲಿಗೆವ್ವ. ಚನ್ನವೀರನಿಗೂ ಹೆಂಡತಿ ನೀಲವ್ವನಿಗೂ ಮಕ್ಕಳಿರಲಿಲ್ಲ. ಹೆತ್ತವರಿಲ್ಲದ ಈ ಹುಡುಗಿಯನ್ನು ಸರ್ಕಾರದ ಮಕ್ಕಳ ಸಮಿತಿಯವರು ಅವರ ಮನೆಗೆ ಕೊಟ್ಟಿದ್ದರು. ಕೊಟ್ಟಿದ್ದರು ಎಂದರೆ ಪೂರ್ತಿ ಕೊಟ್ಟಂತಲ್ಲ. ಮೊದಲು ಕೆಲವು ಕಾಲ ಸಾಕಬೇಕು. ಹೊಂದಿಕೊಂಡರೆ ಆಮೇಲೆ ದತ್ತು, ಇಲ್ಲದಿದ್ದರೆ ಮಗು ವಾಪಸ್. ಹುಲಿಗೆವ್ವ ಹಾಗೆ ಮೂರು ಮನೆಗಳಿಂದ ವಾಪಸಾಗಿದ್ದಳು. ಬರುವ ಸೋಮವಾರ ಚನ್ನವೀರನನ್ನೂ ಕೇಳುವವರಿದ್ದರು: ಇಟ್ಟುಕೊಳ್ಳುತ್ತೀರೋ, ಇಲ್ಲವೋ.

ಇಲ್ಲ ಎನ್ನಲು ಅವನಿಗೆ ಗುರುಗಳ ಒಪ್ಪಿಗೆ ಬೇಕಿತ್ತು. ಅದಕ್ಕೇ ಬಂದಿದ್ದ.

ಅವನು ಎಲ್ಲ ಹೇಳಿಕೊಂಡ. ಹೊಟ್ಟೆ ತುಂಬ ಉಣ್ಣಿಸಿದರೂ ಕದಿಯುತ್ತಾಳೆ. ಕೇಳಿದರೆ ಗೋಡೆ ನೋಡುತ್ತ ನಿಲ್ಲುತ್ತಾಳೆ. ಇವರು ಕೂಸಿಗೆ ಕೂಳು ಹಾಕುವುದಿಲ್ಲವೇನೋ ಎಂದು ನೆರೆಯವರು ಆಡಿಕೊಳ್ಳುತ್ತಾರೆ. ನೀಲವ್ವನ ತಮ್ಮನಂತೂ ಎಲ್ಲರೆದುರಿಗೆ, "ಯಾರ ರಕ್ತನೋ ಏನೋ. ರೊಟ್ಟಿ ಆತು, ಇನ್ನ ಬಂಗಾರ ಜ್ವಾಪಾನ ಮಾವಾ" ಎಂದು ನಕ್ಕಿದ್ದ.

ನಿಜ ಹೇಳಬೇಕೆಂದರೆ, ಹುಡುಗಿ ರೊಟ್ಟಿ ಬಚ್ಚಿಟ್ಟದ್ದಕ್ಕಿಂತ ಆ ನಗುವೇ ಅವನನ್ನು ಹೆಚ್ಚು ಉರಿಸಿತ್ತು. ಅದು ಅವನಿಗೂ ಗೊತ್ತಿತ್ತು. ಆದರೆ ಅದನ್ನು ಹೇಳಲಿಲ್ಲ.

ಅಜ್ಜಾರು ಒಂದು ರೊಟ್ಟಿ ಎತ್ತಿದರು. ಅದಕ್ಕೆ ಒಣಗಿದ ಬೇವಿನ ಎಲೆ ಅಂಟಿತ್ತು. ಹುಳ ಹತ್ತದಿರಲೆಂದು ಹುಡುಗಿ ನಡುನಡುವೆ ಎಲೆ ಇಟ್ಟಿದ್ದಳು.

"ಇದನ್ನ ಯಾರು ಕಲಿಸಿದ್ರು?"

"ನಾವಂತೂ ಅಲ್ರಿ."

"ಎಂಟು ವರ್ಷದ ಕೂಸು, ತಿಂಗಳಗಟ್ಲೆ ರೊಟ್ಟಿ ಕೆಡದಂಗ ಕಾಯೂದು ಕಲತೈತಿ." ಅಜ್ಜಾರ ದನಿ ಗಡುಸಾಯಿತು. "ಅಕಿ ಬಂದ ದಿನ ನೀ ಏನಂದಿ?"

"ಇದು ನಿನ್ನ ಮನಿ, ಯಾವತ್ತೂ ಕಳಸೂದಿಲ್ಲ ಅಂದ್ನಿ."

"ಮೊದಲಿನ ಮೂರು ಮನಿಯವ್ರು?"

"ಅವರೂ ಅದನ್ನ ಅಂದಿದ್ರಂತ್ರಿ."

"ಮನಿ ಮಗಳು ಮನಿ ರೊಟ್ಟಿ ತಗೊಂಡ್ರ ಅದಕ್ಕ ಕಳವು ಅಂತಾರೇನು?"

ಚನ್ನವೀರನ ಸಿಟ್ಟು ಇನ್ನೂ ಏರಿತು. ತಾನೇನೂ ಕೈಕಟ್ಟಿ ಕೂತಿಲ್ಲ, ಮೊನ್ನೆಯೇ ಅಡುಗೆಮನೆಯ ಕಪಾಟಿಗೆ ಬೀಗ ಹಾಕಿದ್ದೇನೆ ಎಂದು ಉಡಿದಾರಕ್ಕೆ ಕಟ್ಟಿದ್ದ ಕೀಲಿ ತೋರಿಸಿದ.

ಅಜ್ಜಾರು ಎದ್ದು ನಿಂತರು. ಅವರಿಗೆ ಸಿಟ್ಟು ಬಂದಿತ್ತು. ಹದಿನೈದು ವರ್ಷದಲ್ಲಿ ಚನ್ನವೀರ ಅದನ್ನು ನೋಡಿರಲಿಲ್ಲ.

"ಕೊಡು ಇಲ್ಲಿ."

ಗುರು ಕೇಳಿದ್ದಕ್ಕೆ ಇಲ್ಲವೆನ್ನುವ ಅಭ್ಯಾಸ ಅವನಿಗಿರಲಿಲ್ಲ. ಬಿಚ್ಚಿ ಕೊಟ್ಟ.

ಅಜ್ಜಾರು ಅದನ್ನು ಹೊಳೆಗೆ ಎಸೆದರು.

ಚನ್ನವೀರ ದಂಡೆಗೆ ಓಡಿದ. ಹೊಳೆ ಕೆಂಪಗೆ, ತುಂಬಿ ಹರಿಯುತ್ತಿತ್ತು. ಅವನು ತಿರುಗಿ ನಿಂತು, ಜೀವನದಲ್ಲಿ ಮೊದಲ ಸಲ, ಗುರುಗಳ ಮೇಲೆ ಕೂಗಾಡಿದ. ಇನ್ನೊಂದು ಕೀಲಿಯಿಲ್ಲ, ಹಿಟ್ಟು ಕಾಳೆಲ್ಲ ಅದರೊಳಗೇ ಇದೆ, ಇನ್ನು ಬೀಗ ಒಡೆಯಲೇಬೇಕು, ಅಲ್ಲಿಯವರೆಗೆ ಮನೆಯವರು ಉಣ್ಣುವುದೇನು ಎಂದು ದಂಡೆಯುದ್ದಕ್ಕೂ ಕೇಳುವಂತೆ ಕೂಗಿದ.

ಅಜ್ಜಾರು ಅವನು ಮುಗಿಸುವವರೆಗೂ ಕಾದರು.

"ಒಂದು ಹೊತ್ತಿನ ಊಟಕ್ಕ ಇಷ್ಟು ಕೂಗತಿ" ಎಂದರು. "ಮೂರು ಮನಿ ಕಳಕೊಂಡ ಆ ಕೂಸು ಕೂಗೂದೂ ಇಲ್ಲ."

ಚನ್ನವೀರ ಬಂದು ಕಟ್ಟೆಯ ಕೆಳಗೆ ಕುಳಿತ. ಸಿಟ್ಟು ಹೋಗಿರಲಿಲ್ಲ, ಆದರೆ ಅದೀಗ ಹುಡುಗಿಯ ಮೇಲಿರಲಿಲ್ಲ. ತನ್ನ ಮೇಲೆಯೇ ಎಂದು ಅವನಿಗೆ ಗೊತ್ತಾಗಿತ್ತು. ಕೊನೆಗೆ, ಸೋಮವಾರ ಇಟ್ಟುಕೊಳ್ಳುತ್ತೇನೆ ಎಂದೇ ಹೇಳುವುದಾಗಿ ಹೇಳಿದ.

"ಸಮಿತಿಗೆ ಹೇಳೂದು ಸಸಾರ ಐತ್ರಿ. ಅಕಿಗೆ ಏನ್ ಹೇಳಲಿ? ಇದು ನಿನ್ನ ಮನಿ ಅಂತ ಇನ್ನೊಮ್ಮೆ ಅಂದ್ರ ನಂಬತಾಳೇನು?"

"ಏನೂ ಹೇಳಬ್ಯಾಡ. ಮಾತು ಅಕಿ ನಾಲ್ಕು ಮನ್ಯಾಗ ಕೇಳ್ಯಾಳ" ಎಂದರು ಅಜ್ಜಾರು. "ಬೀಗ ಒಡ್ಯಾಕ ಸುತ್ತಿಗಿ ಅಕಿ ಕೈಯಾಗ ಕೊಟ್ಟು, ನೀ ದೂರ ನಿಲ್ಲು."