ಚಿತ್ರಕ್ಕನ ಮೂಲೆ

ಲೋಕದಲ್ಲಿ ಲ್ಯಾಪ್‌ಟಾಪ್‌ಗಳು ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ. ದೊಡ್ಡ ಕಂಪ್ಯೂಟರ್‌ಗಳ ಹೊಟ್ಟೆಯಲ್ಲಿ ಬೇಕಾದಷ್ಟು ಜಾಗ. ಲೆಕ್ಕ ಮಾಡುವವರಿಗೆ ಒಂದು ಅಂಗಳ, ಚಿತ್ರ ಬರೆಯುವವರಿಗೆ ಇನ್ನೊಂದು ಅಂಗಳ. ಲ್ಯಾಪ್‌ಟಾಪ್ ಮಾತ್ರ ತೆಳ್ಳಗೆ, ಸ್ಲೇಟಿನ ಹಾಗೆ. ಅದರೊಳಗೆ ಇದ್ದದ್ದು ಒಂದೇ ಅಂಗಳ. ಅದನ್ನೇ ಮೆಮೊರಿ ಅನ್ನುತ್ತಾರೆ.

ಆ ಅಂಗಳದಲ್ಲಿ ಲೆಕ್ಕಣ್ಣ ಅಕ್ಷರ, ಅಂಕಿಗಳನ್ನು ರಾಶಿ ರಾಶಿ ಹರಡುತ್ತಿದ್ದ. ಚಿತ್ರಕ್ಕ ಒಂದು ಮೂಲೆ ಗುಡಿಸಿ ರಂಗೋಲಿ ಹಾಕುತ್ತಿದ್ದಳು. ಅವಳು ಹಾಕಿದ್ದೇ ಪರದೆಯಲ್ಲಿ ಕಾಣುತ್ತಿತ್ತು. ಹಾಕುವುದು, ಅಳಿಸುವುದು, ಮತ್ತೆ ಹಾಕುವುದು. ಕಣ್ಣು ಮಿಟುಕಿಸುವುದರೊಳಗೆ ಹತ್ತು ಸಲ.

ಒಂದು ದಿನ ಹೊರಗೆ ವಾರಿಜಾ ಟೀಚರ್ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಾ ಕೂತಿದ್ದರು. ಬೆಳಗಿನಿಂದ ಮೂವತ್ತೆಂಟು ಪ್ರಶ್ನೆ. ಒಂದನ್ನೂ ಸೇವ್ ಮಾಡಿರಲಿಲ್ಲ. ಎಲ್ಲವೂ ಲೆಕ್ಕಣ್ಣನ ರಾಶಿಯಲ್ಲೇ ಇತ್ತು. ರಾಶಿ ಬೆಳೆಯಿತು, ಬೆಳೆಯಿತು, ಚಿತ್ರಕ್ಕನ ಮೂಲೆಗೂ ಬಂತು.

“ಅಣ್ಣಾ, ಒಂಚೂರು ಜಾಗ...”

“ಇರಮ್ಮ! ನಿಂದೇನು, ಬರೀ ರಂಗೋಲಿ. ನಾನಿಲ್ಲಿ ಪರೀಕ್ಷೆ ಪ್ರಶ್ನೆಗಳನ್ನ ಕಾಪಾಡ್ತಿದ್ದೀನಿ.”

ಚಿತ್ರಕ್ಕ ಜೋರಾಗಿ ಮಾತಾಡುವವಳಲ್ಲ. ಸರಿದು ನಿಂತಳು. ಇನ್ನೂ ಸರಿದು ಒಂಟಿ ಕಾಲಲ್ಲಿ ನಿಂತಳು. ಕೊನೆಗೆ ಒಂದು ಚುಕ್ಕಿ ಇಡುವಷ್ಟೂ ಜಾಗ ಉಳಿಯಲಿಲ್ಲ.

ಪರದೆ ಕಪ್ಪಾಯಿತು.

“ಅಯ್ಯೋ, ಸತ್ತೇ ಹೋಯ್ತಾ ಇದು?” ಎಂದರು ಟೀಚರ್. ಒಂದು ಕೀ ಒತ್ತಿದರು. ಇನ್ನೊಂದು ಒತ್ತಿದರು.

ಒಳಗೆ ಫ್ಯಾನ್ ತಿರುಗಿಸುವ ಗಾಳಿರಾಯ ಏದುಸಿರು ಬಿಡುತ್ತಾ ಓಡಿ ಬಂದ. ಕಿಂಡಿಯಿಂದ ಹೊರಗೆ ಹೋಗಿ ಬರುವವನು ಅವನೊಬ್ಬನೇ.

“ಲೆಕ್ಕಣ್ಣಾ! ಟೀಚರ್ ಆಫ್ ಮಾಡೋ ಗುಂಡಿ ಮೇಲೆ ಬೆರಳಿಟ್ಟಿದ್ದಾರೆ!”

“ಯಾಕೆ? ಪ್ರಶ್ನೆಗಳೆಲ್ಲ ಇಲ್ಲೇ ಇವೆಯಲ್ಲ!”

“ಅದು ನಿನಗೆ ಗೊತ್ತು. ಅವರಿಗೆ ಕಾಣಬೇಡ್ವಾ? ಆಫ್ ಆದ್ರೆ ಅಂಗಳ ಪೂರ್ತಿ ಖಾಲಿ. ಒಂದಕ್ಷರ ಉಳಿಯಲ್ಲ!”

ಲೆಕ್ಕಣ್ಣ ದಡಬಡಿಸಿ ಎದ್ದ. ರಾಶಿಯನ್ನು ಮೊಣಕೈಯಲ್ಲಿ ತಳ್ಳಿದ. ಸಾಲಲಿಲ್ಲ. ಟೀಚರ್ ತೆರೆದು ಮರೆತಿದ್ದ ಮದುವೆ ಫೋಟೋಗಳ ರಾಶಿ ಕಂಡಿತು. ಅದನ್ನು ಬಾಚಿ ಎತ್ತಿ, ಡಿಸ್ಕ್ ಅನ್ನುವ ಹಿಂದಿನ ಉಗ್ರಾಣಕ್ಕೆ ಹಾಕಿದ.

“ಹಾಕು ಚಿತ್ರಕ್ಕ, ಬೇಗ ಹಾಕು!”

ಅವಳು ತಟ್ಟನೆ ಬಗ್ಗಿದಳು. ಒಂದು ಚುಕ್ಕಿ. ಒಂದು ಗೆರೆ. ಹೊರಗೆ ಬೆರಳು ಗುಂಡಿಯನ್ನು ಒತ್ತಿ ಹಿಡಿದಿತ್ತು. ಒಂದು, ಎರಡು, ಮೂರು...

ಪರದೆಯಲ್ಲಿ ಮೂವತ್ತೆಂಟನೆಯ ಪ್ರಶ್ನೆ ಮೂಡಿತು.

“ಓ, ಬಂತು!” ಬೆರಳು ಮೇಲೆದ್ದಿತು. ಟೀಚರ್ ಮೊದಲು ಸೇವ್ ಮಾಡಿದರು, ಆಮೇಲೆ ನೀರು ಕುಡಿದರು.

ಲೆಕ್ಕಣ್ಣ ತನ್ನ ರಾಶಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದ. ಆಮೇಲೆ ಅಂಗಳಕ್ಕೆ ಅಡ್ಡ ಒಂದು ಗೆರೆ ಎಳೆದ.

“ಈ ಮೂಲೆ ನಿಂದೇ. ನಾನು ಎಷ್ಟೇ ಪರದಾಡಿದರೂ ಇಲ್ಲಿ ಕಾಲಿಡಲ್ಲ. ಹೆಚ್ಚು ಬೇಕಾದಾಗ ಕೇಳು.”

“ಕೇಳೋಕೆ ಸಂಕೋಚ ಆಗುತ್ತಣ್ಣ.”

“ಹಾಗಿದ್ರೆ ಕೈ ಚಾಚು ಸಾಕು, ನಾನು ಸರೀತೀನಿ. ಕೆಲಸ ಮುಗಿದ ಮೇಲೆ ಬಿಟ್ಟುಕೊಡು, ಆಯ್ತಾ?”

ಅದಕ್ಕೇ ಪುಟ್ಟಿ, ಎಂಟು ಜಿಬಿ ಮೆಮೊರಿ ಅಂತ ತಂದ ಲ್ಯಾಪ್‌ಟಾಪಿನೊಳಗೆ ನೋಡಿದರೆ ಬಳಸಲು ಸಿಗುವುದು ಒಂಚೂರು ಕಮ್ಮಿ ಅಂತಲೇ ತೋರಿಸುತ್ತದೆ. ಹೆದರಬೇಡ, ಅದನ್ನು ಯಾರೂ ಕದ್ದಿಲ್ಲ, ನೀನು ಈಗ ನೋಡುತ್ತಿರುವ ಪುಟವನ್ನು ಚಿತ್ರಕ್ಕ ಅಲ್ಲೇ ಕೂತು ಬರೆಯುತ್ತಿದ್ದಾಳೆ.